ಅನು ಕಳಿಸಿದ ಏಳು ಪುಸ್ತಕ, ಮನೆ ಗುಂಪಿನ ಜಗಳ

(ಗುಂಪು: ನಮ್ಮ ಮನೆ ಮಂದಿ)

ಅನುಪಮಾ: [ಫೋಟೊ]
ಲೈಬ್ರರೀಲಿ ಹಳೇ ಪುಸ್ತಕ ಮಾರ್ತಿದ್ರು. ಜಾನೆಟ್ ಇವನೋವಿಚ್ ಬರೆದ ಸ್ಟೆಫನಿ ಪ್ಲಮ್ ಪತ್ತೇದಾರಿ ಸರಣಿಯ ಮೊದಲ ಏಳೂ ಒಟ್ಟಿಗೇ ಸಿಕ್ಕಿತು. ಅಮ್ಮ ಊರಿಗೆ ವಾಪಸ್ ಬರುವಾಗ ತರ್ತಾರೆ. ಚಿನ್ಮಯಿ, ಎಲ್ಲಾ ನಿಂಗೇ. ಮೊದಲನೇದರಿಂದಲೇ ಶುರು ಮಾಡು.

ಚಿನ್ಮಯಿ: ಅತ್ತೇ!!! ಇದು ಆ ಬೌಂಟಿ ಹಂಟರ್ ಹುಡುಗೀದಲ್ವಾ? ಸಿನಿಮಾ ನೋಡಿದೀನಿ, ಅಷ್ಟೇನೂ ಇಷ್ಟ ಆಗಿರ್ಲಿಲ್ಲ.

ಅನುಪಮಾ: ಸಿನಿಮಾ ಲೆಕ್ಕಕ್ಕೇ ಇಡಬೇಡ. 2012ರದ್ದು, ಕ್ಯಾಥರೀನ್ ಹೈಗಲ್ ಇದ್ದದ್ದು. ನ್ಯೂಜೆರ್ಸಿಯ ಟ್ರೆಂಟನ್ ಊರಿನ ಕತೇನ ತಗೊಂಡುಹೋಗಿ ಪಿಟ್ಸ್‌ಬರ್ಗ್ ಕಡೆ ಶೂಟಿಂಗ್ ಮಾಡಿದ್ರು. ಪುಸ್ತಕದಲ್ಲಿ ಪೂರ್ತಿ ಕತೆ ಅವಳೇ ಹೇಳ್ತಾಳೆ. ಹೆದರಿಕೆ, ನಗು ಎರಡೂ ಒಂದೇ ಉಸಿರಲ್ಲಿ ಬರುತ್ತೆ. ಅದು ತೆರೆ ಮೇಲೆ ಬರಲೇ ಇಲ್ಲ.

ದೊಡ್ಡಪ್ಪ: ಬೌಂಟಿ ಹಂಟರ್ ಅಂದ್ರೆ ದುಡ್ಡಿಗಾಗಿ ಮನುಷ್ಯರನ್ನ ಹಿಡಿಯೋರು ತಾನೆ? ಓದೋ ಮಗೂಗೆ ಇದೇನಮ್ಮ ಅನು ಕೊಡೋದು?

ಅನುಪಮಾ: ದೊಡ್ಡಪ್ಪ, ಇಲ್ಲಿ ಅಮೆರಿಕದಲ್ಲಿ ಬಹಳ ಕಡೆ ಜಾಮೀನು ಒಂದು ವ್ಯಾಪಾರ. ಜಡ್ಜು ಒಂದು ಲಕ್ಷ ಡಾಲರ್ ಅಂತ ನಿಗದಿ ಮಾಡ್ತಾರೆ ಅಂದ್ಕೊಳ್ಳಿ. ಆರೋಪಿ ಹತ್ರ ಅಷ್ಟು ಇರಲ್ಲ. ಜಾಮೀನು ಅಂಗಡಿಗೆ ಹೋಗಿ ಹತ್ತು ಸಾವಿರ ಕಟ್ತಾನೆ, ಅದು ವಾಪಸ್ ಬರಲ್ಲ. ಅಂಗಡಿಯವನು ಕೋರ್ಟಿಗೆ ಬಾಂಡ್ ಬರೆದುಕೊಡ್ತಾನೆ. ಆಸಾಮಿ ವಾಯಿದೆಗೆ ಬರದೆ ತಪ್ಪಿಸಿಕೊಂಡ್ರೆ ಪೂರ್ತಿ ಲಕ್ಷ ಅಂಗಡಿಯವನ ತಲೆ ಮೇಲೆ. ಅದಕ್ಕೇ ಹುಡುಕಿ ತರೋಕೆ ಜನ ಇಟ್ಟುಕೊಂಡಿರ್ತಾನೆ. ಸ್ಟೆಫನಿ ಆ ಕೆಲಸದವಳು. ಮೊದಲ ಪುಸ್ತಕದಲ್ಲಿ ಅವಳು ಹಿಡೀಬೇಕಾದೋನು ಜೋ ಮೊರೆಲ್ಲಿ, ಕೊಲೆ ಆರೋಪ ಹೊತ್ತಿರೋ ಪೊಲೀಸಿನವನೇ. ಹಿಡಿದು ತಂದ್ರೆ ಹತ್ತು ಸಾವಿರ.

ಅನುಪಮಾ: ಇದನ್ನ ಅವಳು ಹುಚ್ಚಿಗೆ ಮಾಡಲ್ಲ. ಒಳ ಉಡುಪಿನ ಕಂಪನೀಲಿ ಖರೀದಿ ನೋಡಿಕೊಳ್ತಿದ್ದವಳು, ಕೆಲಸ ಹೋಗುತ್ತೆ. ಪೀಠೋಪಕರಣ ಒಂದೊಂದಾಗಿ ಮಾರಿ ತಿಂದಿರ್ತಾಳೆ, ಸಾಲದ ಕಾರನ್ನ ಎಳ್ಕೊಂಡು ಹೋಗಿರ್ತಾರೆ. ಉಳಿದಿರೋದು ಬಾಡಿಗೆ ಮನೆ, ರೆಕ್ಸ್ ಅನ್ನೋ ಹ್ಯಾಮ್ಸ್ಟರ್. ಜಾಮೀನು ಅಂಗಡಿ ಇಟ್ಟಿರೋ ಕಸಿನ್ ವಿನ್ನಿ ಹತ್ರ ಹೋಗಿ, ಅವನ ಗುಟ್ಟು ಹೆಂಡತಿಗೆ ಹೇಳ್ತೀನಿ ಅಂತ ಹೆದರಿಸಿ ಕೆಲಸ ಗಿಟ್ಟಿಸ್ತಾಳೆ.

ದೊಡ್ಡಪ್ಪ: ನಮ್ಮಲ್ಲಿ ಇಂಥ ಅಂಗಡಿಗೆ ಜಾಗವೇ ಇಲ್ಲ. ಶ್ಯೂರಿಟಿ ಅಂದ್ರೆ ಆರೋಪೀನ ಬಲ್ಲವನು ಪಹಣಿ ಹಿಡ್ಕೊಂಡು ಬಂದು ನಿಂತು, ಇವನನ್ನ ಕರೆತರೋ ಹೊಣೆ ನಂದು ಅನ್ನೋದು. ಆ ಹೊಣೆಗೆ ಬೆಲೆ ಇರೋದೇ ಸ್ವಂತ ಆಸ್ತಿ ಹೋಗಬಹುದು ಅನ್ನೋ ಭಯದಿಂದ. ನಷ್ಟ ಆದ್ರೆ ನಾನು ತುಂಬಿಕೊಡ್ತೀನಿ ಅಂತ ಆರೋಪಿ ಶ್ಯೂರಿಟಿ ಜೊತೆ ಒಪ್ಪಂದ ಮಾಡಿಕೊಂಡ್ರೂ ಅದು ಸಾರ್ವಜನಿಕ ನೀತಿಗೆ ವಿರುದ್ಧ, ಕೋರ್ಟಲ್ಲಿ ನಿಲ್ಲಲ್ಲ. ಆಸಾಮಿ ಬರದಿದ್ರೆ ನನ್ನ ಕಾಲದ ಅಪರಾಧ ಪ್ರಕ್ರಿಯಾ ಸಂಹಿತೆ, ಅಂದ್ರೆ ಸಿಆರ್‌ಪಿಸಿ 446ರಲ್ಲಿ ಬಾಂಡ್ ಮುಟ್ಟುಗೋಲು. ಹಿಡಿಯೋದು ಪೊಲೀಸರ ಕೆಲಸ. ಬಡವನ ಭಯದಿಂದ ಹತ್ತು ಪರ್ಸೆಂಟ್ ಕೀಳೋ ದಂಧೇನ ನಗೋ ಕತೆ ಮಾಡಿದಾರಲ್ಲ, ಅದು ನನಗೆ ಒಪ್ಪಿಗೆ ಇಲ್ಲ.

ರಘಣ್ಣ: ಅಪ್ಪ ಕಾನೂನು ನೋಡ್ತಿದಾರೆ. ನನ್ನ ತಕರಾರು ಕತೆ ಮೇಲೆ. ಅನು, ನಾನು ಮೂರು ಓದಿದೀನಿ. ಪತ್ತೇದಾರಿಕೆ ಎಲ್ಲಿದೆ ಇದರಲ್ಲಿ? ಸುಳಿವು ಜೋಡಿಸೋದಿಲ್ಲ, ಕೊನೇಲಿ ಬೆಚ್ಚಿ ಬೀಳೋದಿಲ್ಲ. ಕಾರು ಸುಡುತ್ತೆ, ಡೋನಟ್ ತಿಂತಾರೆ, ಅಜ್ಜಿ ಸತ್ತೋರನ್ನ ನೋಡೋಕೆ ಹೋಗ್ತಾಳೆ. 1994ರಿಂದ 2024ರವರೆಗೆ 31 ಪುಸ್ತಕ, ಎಲ್ಲಾ ಹೀಗೇ.

ಅನುಪಮಾ: ರಘಣ್ಣ, ನೀನು ಯಾರು ಕೊಂದ್ರು ಅಂತ ಹುಡುಕ್ತಿದೀಯ. ಇಲ್ಲಿ ಹುಡುಕೋದು ಆಸಾಮಿ ಎಲ್ಲಿದಾನೆ ಅಂತ. ಹೆಸರು, ಫೋಟೊ, ಮನೆ ವಿಳಾಸ ಎಲ್ಲಾ ಫೈಲಲ್ಲಿ ಮೊದಲೇ ಇರುತ್ತೆ. ಬಾಗಿಲು ತಟ್ಟಬೇಕು, ಅವನ ತಾಯಿ ಜೊತೆ ಕೂತು ಮಾತಾಡಬೇಕು, ಎದುರುಮನೆಯೋರು ಏನು ನೋಡಿದ್ರು ಅಂತ ಕೇಳಬೇಕು. ಅವಳಿಗೆ ಬೇರೆ ಯಾವ ವಿದ್ಯೆಯೂ ಬರಲ್ಲ. ಬಂದೂಕು ಅಡುಗೆಮನೆ ಬಿಸ್ಕತ್ ಡಬ್ಬೀಲಿ ಇರುತ್ತೆ. ಓಡಿದ್ರೆ ಏದುಸಿರು. ಆದ್ರೆ ಹುಟ್ಟಿ ಬೆಳೆದ ಕೇರಿ ಅವಳಿಗೆ ಅಂಗೈ ಮೇಲಿದೆ. ಯಾರ ಮಗ ಯಾರ ಜೊತೆ ಓದಿದ, ಯಾವ ಮದುವೆ ಯಾಕೆ ಮುರೀತು, ತಪ್ಪಿಸಿಕೊಂಡೋನು ಊಟಕ್ಕೆ ಯಾರ ಮನೆಗೆ ಬರ್ತಾನೆ. ಅವಳು ಬೀದಿಯ ಆ ತುದೀಲಿ ಏನು ಮಾಡಿದ್ಲು ಅನ್ನೋದು ಅವಳು ಮನೆ ಸೇರೋದರೊಳಗೆ ಫೋನಲ್ಲಿ ಅವರಮ್ಮನಿಗೆ ಬಂದಿರುತ್ತೆ. ಹೆಂಗಸರ ಹರಟೆ ಅಂತ ನಾವು ತಳ್ಳಿಹಾಕೋ ಮಾತಿದೆಯಲ್ಲ, ಈ ಸರಣೀಲಿ ಅದೇ ತನಿಖೆ. ನನ್ನನ್ನ ಹಿಡಿದಿಟ್ಟಿರೋದು ಅದು. ಮೊರೆಲ್ಲೀನೂ ಅಲ್ಲ, ಸುಡೋ ಕಾರೂ ಅಲ್ಲ.

ಚಿನ್ಮಯಿ: ರೇಂಜರ್? 🙂

ಅನುಪಮಾ: ಅವನು ಚೆನ್ನಾಗೇ ಇದಾನೆ. ಅವನೂ ಬೌಂಟಿ ಹಂಟರ್, ಅವಳಿಗೆ ಕೆಲಸ ಕಲಿಸೋನು ಅವನೇ. ಆದ್ರೆ ಅವನಿಗೋಸ್ಕರ ಏಳು ಪುಸ್ತಕ ಯಾರೂ ಓದಬೇಕಿಲ್ಲ.

ರಘಣ್ಣ: ಕೇರಿ ವರ್ಣನೆ ಚೆನ್ನಾಗಿದ್ರೆ ಸಾಮಾಜಿಕ ಕಾದಂಬರಿ ಅನ್ನು. ಪತ್ತೇದಾರಿ ಅಂತ ಯಾಕೆ ಮಾರ್ತಾರೆ?

ಅನುಪಮಾ: ಪತ್ತೇದಾರಿ ಬರೆಯೋರೇ ಒಪ್ಪಿಕೊಂಡಿದಾರಲ್ಲ. ಬ್ರಿಟನ್ನಿನ ಕ್ರೈಮ್ ರೈಟರ್ಸ್ ಅಸೋಸಿಯೇಷನ್ನು ಈ ಪ್ರಕಾರದ ಚೊಚ್ಚಲ ಕಾದಂಬರಿಗೆ ಕೊಡೋ ಜಾನ್ ಕ್ರೀಸಿ ಪ್ರಶಸ್ತಿ ಮೊದಲ ಪುಸ್ತಕಕ್ಕೆ ಬಂತು. ಎರಡನೇದಕ್ಕೆ ಹಾಸ್ಯದ ಪತ್ತೇದಾರಿಗೆ ಅಂತಲೇ ಇರೋ ಲಾಸ್ಟ್ ಲಾಫ್ ಪ್ರಶಸ್ತಿ. ಜಾನೆಟ್ ಇವನೋವಿಚ್ ಹುಟ್ಟಿದ್ದು ನ್ಯೂಜೆರ್ಸಿಯ ಸೌತ್ ರಿವರ್‌ನಲ್ಲಿ, 1943ರಲ್ಲಿ. ಅವರ ಮೊದಲ ಪುಸ್ತಕ ಅಚ್ಚಾಗೋ ಹೊತ್ತಿಗೆ ನಲವತ್ತು ದಾಟಿತ್ತು. ಹನ್ನೆರಡು ಪ್ರೇಮ ಕಾದಂಬರಿ ಬರೆದು ಕೈ ಪಳಗಿದ ಮೇಲೆ ಸ್ಟೆಫನಿ ಬಂದದ್ದು. ಮಾತಿಗೆ ಮಾತು ಜೋಡಿಸೋ ಆ ಚುರುಕು ಸುಮ್ಮನೆ ಬಂದದ್ದಲ್ಲ.

ಅಮ್ಮ: (ಧ್ವನಿ ಸಂದೇಶ, ಅನು ಟೈಪ್ ಮಾಡಿದ್ದು) ನಾನೂ ಮೊದಲನೇದು ಮುಗಿಸಿದೆ. ಇಂಗ್ಲಿಷು ನನಗೆ ನಿಧಾನ, ಆದ್ರೂ ಎರಡು ರಾತ್ರಿ ನಿದ್ದೆ ಬಿಟ್ಟು ಓದಿದೆ. ಸ್ಟೆಫನಿಯ ಅಜ್ಜಿ ಮಜೂರ್, ಏನು ಹೆಂಗಸು ಅಂತೀನಿ! ಮಗಳು ಅಳಿಯನ ಮನೇಲಿ ಇರ್ತಾಳೆ, ಯಾರಿಗೂ ಹೆದರಲ್ಲ. ಎಲ್ಲರೂ ಊಟಕ್ಕೆ ಕೂತಿರುವಾಗ ಮೊಮ್ಮಗಳ ಬಂದೂಕು ತೆಗೆದು ನೋಡ್ತಾ ನೋಡ್ತಾ ಮೇಜಿನ ಮೇಲಿರೋ ಹುರಿದ ಕೋಳಿಗೇ ಗುಂಡು ಹಾರಿಸ್ತಾಳೆ. ಮುಂದಿನ ಪುಸ್ತಕಗಳಲ್ಲಂತೂ, ಅನು ಹೇಳಿದ್ಲು, ಸತ್ತೋರನ್ನ ನೋಡೋಕೆ ಹೋದ್ರೆ ಹೆಣದ ಪೆಟ್ಟಿಗೆ ತೆರೆದಿರಬೇಕು, ಮುಚ್ಚಿದ್ರೆ ಅವಳಿಗೆ ಸಹಿಸಲ್ಲ, ತಾನೇ ಎತ್ತಿ ನೋಡ್ತಾಳೆ. ವಯಸ್ಸಾದೋರು ಮೂಲೇಲಿ ಕೂತು ಬುದ್ಧಿ ಹೇಳಬೇಕು ಅಂತ ನಮ್ಮ ಕತೆಗಳಲ್ಲಿ ಇರುತ್ತಲ್ಲ, ಇವಳು ಹಾಗಲ್ಲ. ಇವಳಿಗೆ ಇನ್ನೂ ಎಲ್ಲಾ ನೋಡಬೇಕು. ನನಗೆ ಅದು ತುಂಬಾ ಹಿಡಿಸ್ತು.

ಸುಧಾ ಅತ್ತೆ: ಅತ್ತಿಗೆ ಮಾತು ಒಪ್ತೀನಿ, ಆ ಅಜ್ಜಿ ನಿಜಕ್ಕೂ ಗಟ್ಟಿ ಪಾತ್ರ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿಗಳನ್ನ ಓದಿ ಎಷ್ಟು ಜನ ಓದೋ ಚಟ ಹಚ್ಚಿಕೊಂಡ್ರು! ಆದ್ರೆ ಪತ್ತೆ ಮಾಡೋದು ಗಂಡಸು. ಇನ್ನೊಂದು ಕಡೆ ಟಿ. ಸುನಂದಮ್ಮನವರು ಮನೆ, ಅಡುಗೆ, ನೆರೆಹೊರೆಯಿಂದಲೇ ನಗು ತೆಗೆದ್ರು. ಅಲ್ಲಿ ಪತ್ತೇದಾರಿಕೆ ಇಲ್ಲ. ಈಕೆ ಅವೆರಡನ್ನೂ ಒಂದೇ ಒಲೆ ಮೇಲೆ ಇಟ್ಟಿದಾಳೆ, ಅದು ಸಣ್ಣ ಕೆಲಸ ಅಲ್ಲ. ನನ್ನ ಬೇಸರ ಬೇರೆ. ಸ್ಟೆಫನಿ ಬೆಳೆಯೋದೇ ಇಲ್ಲ. ಮೂವತ್ತರ ಆಸುಪಾಸಲ್ಲೇ ನಿಂತುಬಿಟ್ಟಿದಾಳೆ. ಮನಸ್ಸು ಕೊಡೋದು ಮೊರೆಲ್ಲಿಗೋ ರೇಂಜರಿಗೋ ಅನ್ನೋ ಪ್ರಶ್ನೆಗೆ ಮೂವತ್ತು ವರ್ಷ ಉತ್ತರ ಇಲ್ಲ ಅಂದ್ರೆ ಅದು ಕಾದಂಬರಿಕಾರ್ತಿಯ ಹಿಂಜರಿಕೆ.

ಅನುಪಮಾ: ಇಪ್ಪತ್ತರಾಚೆಗಿನ ಪುಸ್ತಕಗಳ ಬಗ್ಗೆ ನಾನೂ ಹಾಗೇ ಹೇಳ್ತೀನಿ ಅತ್ತೆ. ಅದಕ್ಕೇ ಏಳು ಮಾತ್ರ ಕಳಿಸ್ತಿರೋದು. ಆ ಏಳರಲ್ಲಿ ಅವಳು ನಿಂತಲ್ಲೇ ನಿಂತಿಲ್ಲ. ಮೊದಲನೇದರಲ್ಲಿ ಕೈಕೋಳ ಹಾಕೋಕೂ ಬರದವಳು, ಆಮೇಲೆ ಬಾಗಿಲ ಮುಂದೆ ನಿಂತು ಒಳಗಿರೋನು ಓಡ್ತಾನೋ ಅಳ್ತಾನೋ ಅಂತ ಅಂದಾಜು ಮಾಡೋಷ್ಟು ಪಳಗ್ತಾಳೆ.

ಸುಧಾ ಅತ್ತೆ: ಸರಿ. ಲೂಲಾ ವಿಷಯ ಏನು ಹೇಳ್ತೀಯ? ಕಪ್ಪು ಹೆಂಗಸು, ದಪ್ಪ ಮೈ, ಹಿಂದೆ ಬೀದಿ ವೇಶ್ಯೆ. ಅವಳು ಬಂದಾಗೆಲ್ಲ ತಿನ್ನೋದರ ಬಗ್ಗೆ, ಬಿಗಿ ಬಟ್ಟೆ ಬಗ್ಗೆ ತಮಾಷೆ. ನಾಲ್ಕು ಪುಸ್ತಕದಲ್ಲೂ ಇದೇ ನೋಡಿದೆ. ನಗಬೇಕಾದ ಕಡೆ ನನಗೆ ಮುಜುಗರ ಆಯ್ತು.

ಅನುಪಮಾ: ಆ ತಮಾಷೆಗಳನ್ನ ನಾನು ಸಮರ್ಥಿಸಲ್ಲ. ಮುಂದೆ ಮುಂದೆ ಅದು ಜಾಸ್ತೀನೇ ಆಗುತ್ತೆ. ಆದ್ರೆ ಲೂಲಾ ಎಲ್ಲಿಂದ ಬಂದಳು ಅಂತ ನೋಡಿ ಅತ್ತೆ. ಮೊದಲ ಪುಸ್ತಕದಲ್ಲಿ ಬೆನಿಟೊ ರಮಿರೆಜ್ ಅನ್ನೋ ಬಾಕ್ಸರ್ ಇದಾನೆ. ಊರಿಗೆ ಹೀರೋ, ಒಳಗೆ ರಾಕ್ಷಸ. ಸ್ಟೆಫನಿ ಬೀದಿ ಮೂಲೇಲಿ ಲೂಲಾ ಹತ್ರ ಮಾತಾಡಿದ್ದಳು ಅನ್ನೋ ಒಂದೇ ಕಾರಣಕ್ಕೆ ಅವನು ಲೂಲಾಳನ್ನ ಸಾಯೋ ಹಾಗೆ ಹೊಡೆದು, ಸ್ಟೆಫನಿ ಮನೆ ಕಿಟಕಿ ಹೊರಗಿನ ಕಬ್ಬಿಣದ ಮೆಟ್ಟಿಲಿಗೆ ಕಟ್ಟಿಹಾಕಿ ಹೋಗ್ತಾನೆ. ಆ ಪುಟದಲ್ಲಿ ನಗು ಒಂದಿಷ್ಟೂ ಇಲ್ಲ. ತಾನು ಕೇಳಿದ ಪ್ರಶ್ನೆಗೆ ಬೆಲೆ ತೆತ್ತವಳು ಬೇರೊಬ್ಬಳು ಅಂತ ಸ್ಟೆಫನಿಗೆ ಗೊತ್ತಾಗುತ್ತೆ. ಬದುಕಿ ಬಂದ ಲೂಲಾ ಮುಂದೆ ಅದೇ ಜಾಮೀನು ಅಂಗಡೀಲಿ ಫೈಲ್ ಜೋಡಿಸೋ ಕೆಲಸಕ್ಕೆ ಸೇರ್ತಾಳೆ. ಇದನ್ನ ಓದಿದ ಮೇಲೆ ಅವಳ ಜೋರು ಬಾಯಿ, ಹೊಳೆಯೋ ಬಟ್ಟೆ ನನಗೆ ಬೇರೆ ಥರ ಕಂಡಿತು. ಬದುಕಿದೀನಿ, ಎಲ್ಲರೂ ನೋಡಿ ಅಂತ ಹೇಳೋ ಹಾಗೆ. ಸರಣೀನ ಮಧ್ಯದಿಂದ ಶುರು ಮಾಡಿದೋರಿಗೆ ಇದು ಸಿಗಲ್ಲ.

ಸುಧಾ ಅತ್ತೆ: ಮೊದಲನೇದು ನಾನು ಓದಿಲ್ಲ. ನಿನ್ನ ಮನೇಲಿ ಸಿಕ್ಕಿದ್ದು ಎಂಟರಿಂದ ಮುಂದಿನವು.

ಅನುಪಮಾ: ಅದೇ ನೋಡಿ. ಹಾಗಾದ್ರೆ ಮೊದಲನೇದು ನಿಮಗೇ ಬರಬೇಕು.

ಚಿನ್ಮಯಿ: ಅತ್ತೇ ಅನ್ಯಾಯ!

ದೊಡ್ಡಪ್ಪ: ಊಟ ಆದ ಮೇಲೆ ಹುಡುಕಿ ನೋಡಿದೆ. 1872ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಟೇಲರ್ ವಿರುದ್ಧ ಟೇಂಟರ್ ಪ್ರಕರಣದಲ್ಲಿ, ಜಾಮೀನು ಕೊಟ್ಟವನು ಆಸಾಮೀನ ಬೇರೆ ರಾಜ್ಯಕ್ಕೂ ಬೆನ್ನಟ್ಟಬಹುದು, ಬೇಕಾದ್ರೆ ಮನೆ ಒಡೆದು ಒಳಗೆ ಹೋಗಬಹುದು ಅಂದಿದೆ. ಪೊಲೀಸರಿಗೂ ಇಲ್ಲದ ಅಧಿಕಾರ ಖಾಸಗಿಯೋರಿಗೆ! ಇದರ ಬಗ್ಗೆ ನಿನ್ನ ಸ್ಟೆಫನಿ ಏನಂತಾಳೆ?

ಅನುಪಮಾ: ಆ ಅಧಿಕಾರ ಹೆಸರಿಗಿದೆ ದೊಡ್ಡಪ್ಪ. ಅವಳ ಕೈಲಿ ಅದು ಬಾಗಿಲು ತಟ್ಟೋದಕ್ಕೆ ಮುಗಿಯುತ್ತೆ. ಹೋಗೋದು ಬಹಳ ಸಲ ಪರಿಚಯದೋರ ಮನೆಗೇ. ಕುಡಿದು ಗಲಾಟೆ ಮಾಡಿದ ಮುದುಕ, ಕೋರ್ಟ್ ತಾರೀಖು ಮರೆತ ಗಾಂಜಾ ಹುಡುಗ. ಇನ್ನೊಂದು ತಾರೀಖು ತಗೊಳ್ಳೋಣ ಬನ್ನಿ, ಅರ್ಧ ದಿನದ ಕೆಲಸ ಅಂತ ಪುಸಲಾಯಿಸ್ತಾಳೆ. ಅವರು ಕೊಳಾಯಿ ಪೈಪು, ನಾಯಿ ಏನು ಸಿಕ್ಕಿದ್ರೂ ಬಿಟ್ಟು ಓಡಿಸ್ತಾರೆ. ಬಾಡಿಗೆ ಕಟ್ಟಲಾಗದವಳು ಬಾಡಿಗೆ ಕಟ್ಟಲಾಗದವರನ್ನೇ ಹಿಡೀತಿರ್ತಾಳೆ, ಅದನ್ನ ಪುಸ್ತಕ ಮುಚ್ಚಿಡಲ್ಲ. ಮೇಲೆ ಕೂತು ಕಮಿಷನ್ ಎಣಿಸೋ ವಿನ್ನಿ ಸರಣಿಯ ಅತ್ಯಂತ ಅಸಹ್ಯದ ಮನುಷ್ಯ. ಅದು ಸುಮ್ಮನೆ ಆಗಿದ್ದಲ್ಲ.

ಅನುಪಮಾ: ಇನ್ನೊಂದು. ನ್ಯೂಜೆರ್ಸಿ ನಿಮ್ಮ ಮಾತೇ ಒಪ್ಪಿಕೊಂಡಿದೆ. 2017ರ ಜನವರಿ 1ರಿಂದ ಇಲ್ಲಿ ದುಡ್ಡಿನ ಜಾಮೀನು ಹೆಚ್ಚುಕಡಿಮೆ ನಿಂತೇಹೋಯ್ತು. ಆರೋಪಿ ಓಡಿಹೋಗ್ತಾನಾ, ಅಪಾಯಕಾರಿಯಾ ಅಂತ ಅಂದಾಜು ಮಾಡಿ ಜಡ್ಜು ಬಿಡ್ತಾರೆ ಇಲ್ಲ ಇಟ್ಕೊಳ್ತಾರೆ.

ದೊಡ್ಡಪ್ಪ: ಒಳ್ಳೇದೇ ಆಯ್ತು. ಆದ್ರೆ ಕಾನೂನೇ ಹೋದ ಮೇಲೂ ಆಕೆ ಅದೇ ಅಂಗಡಿ ಇಟ್ಟು ಬರೆಯೋದು ಸರಿನಾ?

ರಘಣ್ಣ: ಅಪ್ಪ ಸರಿಯಾದ ಜಾಗಕ್ಕೆ ಹೊಡೆದ್ರು. 2017ರ ಆಚೆ ಬಂದ ಪುಸ್ತಕಗಳಲ್ಲಿ ಟ್ರೆಂಟನ್ನೇ ಸುಳ್ಳಾಯ್ತಲ್ಲ.

ಅನುಪಮಾ: ಕಾನೂನಿನ ಮಟ್ಟಿಗೆ ಹೌದು. ಕತೆ ನಡೆಯೋ ಕೇರಿಯೂ ಬದಲಾಗಿದೆ. ಟ್ರೆಂಟನ್ನಿನ ಆ ಚೇಂಬರ್ಸ್‌ಬರ್ಗ್‌ಗೆ ಅಮ್ಮನ್ನ ಕರ್ಕೊಂಡು ಹೋಗಿದ್ದೆ, ನನ್ನ ಮನೆಯಿಂದ ಹತ್ತಿರವೇ. ಈಗ ಅಂಗಡಿ ಬೋರ್ಡೆಲ್ಲ ಸ್ಪ್ಯಾನಿಷ್. ಇಟಾಲಿಯನ್ ಹೋಟೆಲುಗಳು ಹ್ಯಾಮಿಲ್ಟನ್, ರಾಬಿನ್ಸ್‌ವಿಲ್ ಕಡೆ ಹೋಗಿವೆ. ಅಂಟಿಕೊಂಡಿರೋ ಸಾಲುಮನೆಗಳು, ಮುಂದೆ ನಾಲ್ಕು ಮೆಟ್ಟಿಲು, ಅದು ಮಾತ್ರ ಹಾಗೇ ಇದೆ. ರೋಬ್ಲಿಂಗ್ ಕಂಪನಿಯ ತಂತಿ ಕಾರ್ಖಾನೆ ಇದ್ದ ಜಾಗ ಅದು. ಗೋಲ್ಡನ್ ಗೇಟ್ ಸೇತುವೆಯ ಉಕ್ಕಿನ ಹಗ್ಗ ಮಾಡಿದೋರು ಅವರು. ಡೆಲವೇರ್ ನದಿ ಸೇತುವೆ ಮೇಲೆ ದೊಡ್ಡಕ್ಷರದಲ್ಲಿ ಇವತ್ತೂ ಬರೆದಿದೆ: ಟ್ರೆಂಟನ್ ಮಾಡುತ್ತೆ, ಜಗತ್ತು ತಗೊಳ್ಳುತ್ತೆ ಅಂತ. ಮಾಡೋ ಕಾರ್ಖಾನೆಗಳು ಹೋದವು. ಇವನೋವಿಚ್ ಹಿಡಿದಿಟ್ಟಿರೋದು ಕಾರ್ಖಾನೆ ಹೋದ ಮೇಲೂ ಜನ ಅಲ್ಲೇ ಉಳಿದು, ಆರು ಗಂಟೆಗೆ ಸರಿಯಾಗಿ ಊಟಕ್ಕೆ ಕೂತು, ತಡವಾಗಿ ಬಂದ ಮಗಳನ್ನ ಬೈಯೋ ಆ ಕಾಲಾನ. ಅದು ದಾಖಲಾಗಬೇಕಿತ್ತು, ಆಯ್ತು.

ಅಮ್ಮ: ಆ ಬೀದೀಲಿ ಒಬ್ಬಾಕೆ ಮೆಟ್ಟಿಲು ತೊಳೀತಿದ್ರು. ನಾವು ನಿಂತು ನೋಡ್ತಿದ್ದಕ್ಕೆ ಯಾರನ್ನ ಹುಡುಕ್ತಿದೀರಿ ಅಂತ ಕೈಸನ್ನೆಯಲ್ಲೇ ಕೇಳಿದ್ರು.

ರಘಣ್ಣ: ಚಿಕ್ಕಮ್ಮ, ನೀವೂ ಅವಳ ಪಕ್ಷ ಸೇರಿದಿರಾ!

ಅಮ್ಮ: ಓದಿ ಸೇರಿದೀನಪ್ಪ.

ರಘಣ್ಣ: ಸರಿ ಅನು, ಒಂದು ಒಪ್ಪಿಗೆ. ಅಡ್ರೆಸ್ ಹಿಡ್ಕೊಂಡು ಬಾಗಿಲು ತಟ್ಟೋದೇ ಇಲ್ಲಿಯ ಪತ್ತೇದಾರಿಕೆ ಅಂದೆಯಲ್ಲ, ಹಾಗೆ ನೋಡಿದ್ರೆ ಎರಡನೇದು ಇನ್ನೊಂದು ಸಲ ಓದಬಹುದು. ಆದ್ರೆ ಕೊಲೆಗಾರನ್ನ ಮುಚ್ಚಿಡೋದರಲ್ಲಿ ಅವಳು ಸೋತಿದಾಳೆ ಅನ್ನೋ ಮಾತು ನಾನು ಬಿಡಲ್ಲ.

ಅನುಪಮಾ: ಬಿಡಬೇಡ. ಆ ವಿಷಯದಲ್ಲಿ ನಿನ್ನ ಮಾತು ಸರಿ.

ದೊಡ್ಡಪ್ಪ: ನನ್ನ ಆಕ್ಷೇಪಣೆ ಹಾಗೇ ಇದೆ. ಚಿನ್ಮಯಿ ಓದೋದಾದ್ರೆ ಜಾಮೀನಿನ ಲೆಕ್ಕ ನನ್ನ ಹತ್ರ ಕೂತು ತಿಳ್ಕೊಂಡು ಓದಲಿ.

ಚಿನ್ಮಯಿ: ಆಯ್ತು ಅಜ್ಜ, ಭಾನುವಾರ ಬರ್ತೀನಿ. ಸುಧಜ್ಜಿ, ಮೊದಲನೇದು ಮುಗಿಸಿದ ತಕ್ಷಣ ನಂಗೆ ಕಳಿಸಿ. ಎರಡನೇದನ್ನ ಅಪ್ಪನಿಗೆ ಕೊಡ್ತೀನಿ.