ಶಟಲ್ ಶುರು ಮಾಡಿದ ಮೇಲೆ ಬೆನ್ನ ಮೇಲೆ ಗುಳ್ಳೆ: ಆಟ ಬಿಡಬೇಕಾ?

ಸಂಜೆ_ಶಟಲ್:
ವಾರಕ್ಕೆ ಐದು ದಿನ, ಸಂಜೆ ಒಂದು ಗಂಟೆ ಒಳಾಂಗಣದಲ್ಲಿ ಶಟಲ್. ಆರು ವಾರ ಆಯ್ತು. ನಿದ್ದೆ ಚೆನ್ನಾಗಿ ಬರುತ್ತೆ, ಮನಸ್ಸು ಹಗುರ. ಆದರೆ ಬೆನ್ನಿನ ಮೇಲ್ಭಾಗ, ಎದೆ, ಹಣೆಯಲ್ಲಿ ಕೂದಲು ಶುರುವಾಗೋ ಕಡೆ ಸಣ್ಣ ಗುಳ್ಳೆಗಳು. ಎಲ್ಲ ಒಂದೇ ಅಳತೆ, ತುರಿಕೆ ಬೇರೆ. "ಬೆವರಿನ ಜೊತೆ ವಿಷ ಹೊರಗೆ ಹೋಗ್ತಿದೆ, ತಡ್ಕೊಳ್ಳಿ" ಅಂತಾರೆ. ಕತ್ತಿನ ಹಿಂದೆ ಕಪ್ಪು ಕೂಡ ಇದೆ, ಎಷ್ಟು ಉಜ್ಜಿದರೂ ಹೋಗಲ್ಲ. ವ್ಯಾಯಾಮದಿಂದ ಚರ್ಮಕ್ಕೆ ಒಳ್ಳೇದು ಅನ್ನೋದು ನಿಜಾನಾ?

ಚರ್ಮದ_ಡಾಕ್ಟರ್:
ನಿಜ. ಆಟ ಬಿಡಬೇಡಿ. ಬೆವರು ಬಹುಪಾಲು ನೀರು, ಸ್ವಲ್ಪ ಉಪ್ಪು. ದೇಹದ ಕಲ್ಮಶ ತೆಗೆಯುವ ಕೆಲಸ ಮೂತ್ರಪಿಂಡ ಮತ್ತು ಯಕೃತ್ತಿನದು, ಹಾಗಾಗಿ "ವಿಷ ಹೊರಗೆ ಹೋಗ್ತಿದೆ" ಅಂತ ಗುಳ್ಳೆಗಳನ್ನು ಸಹಿಸಿಕೊಂಡು ಕೂರಬೇಕಿಲ್ಲ.

ಸಾಮಾನ್ಯ ಮೊಡವೆಯಲ್ಲಿ ದೊಡ್ಡವು, ಚಿಕ್ಕವು, ಕಪ್ಪು ತಲೆಯವು ಎಲ್ಲ ಬೆರೆತಿರುತ್ತವೆ, ತುರಿಕೆ ಕಡಿಮೆ. ಒಂದೇ ಅಳತೆ, ತುರಿಕೆ, ಎದೆ, ಬೆನ್ನು, ಹಣೆಯಂಚು: ನೀವು ಹೇಳಿದ ಲಕ್ಷಣಗಳು ಮಲಸೇಜಿಯ ಎಂಬ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಕೂದಲ ಬುಡದಲ್ಲಿ ಹೆಚ್ಚಾದಾಗ ಕಾಣುವಂಥವು. ಈ ಯೀಸ್ಟ್ ಎಲ್ಲರ ಚರ್ಮದ ಮೇಲೂ ಇರುತ್ತದೆ, ಎಣ್ಣೆಯೇ ಅದರ ಆಹಾರ. ಬೆವರಿನಲ್ಲಿ ನೆನೆದ ಬಿಗಿ ಬಟ್ಟೆಯೊಳಗೆ ಗಂಟೆಗಟ್ಟಲೆ ಇದ್ದರೆ ಅದಕ್ಕೆ ಹಬ್ಬ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಆಡಲು ಹೋಗುವವರಲ್ಲಿ ಅದು ಬೆವರಿನ ಜೊತೆ ಹಣೆಗೂ ಬೆನ್ನಿಗೂ ಇಳಿಯುತ್ತದೆ.

ಆಟ ಮುಗಿದ ಕೂಡಲೇ, ಹರಟೆಗೆ ನಿಲ್ಲುವ ಮೊದಲೇ, ಅಂಗಿ ಬದಲಿಸಿ. ಅರ್ಧ ಗಂಟೆಯೊಳಗೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ. ಶಿಲೀಂಧ್ರ ತಡೆಯುವ ಶೇ. 2ರ ಕೀಟೊಕೊನಾಜೋಲ್ ಶಾಂಪೂವನ್ನು ಒದ್ದೆ ಮೈಮೇಲೆ ಗುಳ್ಳೆ ಇರುವ ಕಡೆ ನೊರೆ ಬರುವಂತೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಿರಿ. ವಾರಕ್ಕೆ ಮೂರು ಸಲ, ನಾಲ್ಕು ವಾರ. ತಕ್ಷಣ ತೊಳೆದುಬಿಟ್ಟರೆ ಉಪಯೋಗವಿಲ್ಲ. ಹೆಚ್ಚಿನವರು ತಪ್ಪುವುದು ಅಲ್ಲೇ. ಅಷ್ಟಕ್ಕೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ, ಕೆಲವರಿಗೆ ಮಾತ್ರೆ ಬೇಕಾಗುತ್ತದೆ. ಗರ್ಭಿಣಿಯರು ಮೊದಲೇ ಕೇಳಿಕೊಳ್ಳಬೇಕು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಕ್ರೀಮ್ ಕೊಡಿ" ಅಂತ ಕೇಳಬೇಡಿ. ಟ್ಯೂಬಿನ ಮೇಲೆ ಕ್ಲೊಬೆಟಾಸೋಲ್, ಬೀಟಾಮೆಥಾಸೋನ್ ಎಂದಿದ್ದರೆ ಅದು ಸ್ಟೆರಾಯ್ಡ್. ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಶಿಲೀಂಧ್ರ ಇನ್ನಷ್ಟು ಹರಡುತ್ತದೆ. ತೊಡೆಸಂದಿಯ ಹುಳುಕಡ್ಡಿ ತಿಂಗಳುಗಟ್ಟಲೆ ವಾಸಿಯಾಗದೆ ಉಳಿಯುವುದಕ್ಕೆ ಇದೊಂದು ದೊಡ್ಡ ಕಾರಣ.

ಗರಡಿ_ಮನೆ:
ಕತ್ತಿನ ಕಪ್ಪಿನ ಬಗ್ಗೆ. ಮುಟ್ಟಿದರೆ ಮಖಮಲ್ಲಿನಂತೆ ದಪ್ಪ ಅನ್ನಿಸುತ್ತಿದ್ದರೆ, ಕಂಕುಳಲ್ಲೂ ಇದ್ದರೆ, ಅದು ಕೊಳೆಯಲ್ಲ. ಹೆಚ್ಚಾಗಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವ ಸೂಚನೆ. ರಕ್ತದಲ್ಲಿ ಇನ್ಸುಲಿನ್ ಏರಿದಾಗ ಚರ್ಮದ ಕೋಶಗಳು ಬೇಗ ಬೇಗ ಬೆಳೆದು ಮಡಿಕೆಗಳಲ್ಲಿ ದಪ್ಪಗಟ್ಟುತ್ತವೆ. ನಿಂಬೆಹಣ್ಣು, ಸಕ್ಕರೆ, ಸೋಡಾ ಹಾಕಿ ಉಜ್ಜಿದರೆ ಉರಿ ಎದ್ದು ಇನ್ನೂ ಕಪ್ಪಾಗುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ) ಒಮ್ಮೆ ಪರೀಕ್ಷೆ ಮಾಡಿಸಿ.

ಇಲ್ಲೇ ವ್ಯಾಯಾಮ ಒಳಗಿನಿಂದ ಕೆಲಸ ಮಾಡುವುದು. ದುಡಿಯುವ ಸ್ನಾಯು ರಕ್ತದ ಗ್ಲೂಕೋಸ್ ಎಳೆದುಕೊಳ್ಳುತ್ತದೆ, ಆ ಗುಣ ಒಂದೆರಡು ದಿನ ಉಳಿದು ಆಮೇಲೆ ಇಳಿಯುತ್ತದೆ. ಅದಕ್ಕೇ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ. ಶಟಲ್ ಜೊತೆಗೆ ವಾರಕ್ಕೆ ಎರಡು ದಿನ ಬಸ್ಕಿ 12, ಗೋಡೆಗೋ ನೆಲಕ್ಕೋ ದಂಡ 10, ನೀರಿನ ಬಾಟಲಿ ಹಿಡಿದು ಎಳೆಯುವ ರೋಯಿಂಗ್ 12, ಹೀಗೆ ಮೂರು ಸುತ್ತು. ಜಪಾನಿನಲ್ಲಿ ಮಧ್ಯವಯಸ್ಸಿನ ಮಹಿಳೆಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಎರಡು ದಿನದಂತೆ 16 ವಾರ ವ್ಯಾಯಾಮ ಮಾಡಿದಾಗ, ಏರೋಬಿಕ್ ಮಾಡಿದವರಲ್ಲೂ ಭಾರ ಎತ್ತಿದವರಲ್ಲೂ ಚರ್ಮದ ಸ್ಥಿತಿಸ್ಥಾಪಕತೆ ಸುಧಾರಿಸಿತ್ತು. ಒಳಪದರ ದಪ್ಪವಾದದ್ದು ಭಾರ ಎತ್ತಿದವರಲ್ಲಿ ಮಾತ್ರ. ಸಣ್ಣ ಅಧ್ಯಯನ, ಆದರೂ ಗಮನಿಸಬೇಕಾದ್ದು. ಕತ್ತಿನ ಬಣ್ಣ ಮಾತ್ರ ತಿಳಿಯಾಗಲು ತಿಂಗಳುಗಳೇ ಬೇಕು.

ಬೆಳಗಿನ_ಓಟ:
ಹೊರಗೆ ಆಡುವವರಿಗೆ ಸೇರಿಸುತ್ತೇನೆ: ಬಂಗು ಇರುವವರು ಬಿಸಿಲೇರುವ ಮೊದಲು, ಎಂಟರೊಳಗೆ ಮುಗಿಸಿ. ಎಸ್‌ಪಿಎಫ್ 30 ಅಥವಾ ಹೆಚ್ಚಿನ, ನೀರಿಗೆ ಹೋಗದ ಸನ್‌ಸ್ಕ್ರೀನ್. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ತೆಗೆದರೆ ಮುಖಕ್ಕೂ ಕತ್ತಿಗೂ ಸರಿಹೋಗುತ್ತದೆ. 15 ನಿಮಿಷ ಮೊದಲೇ ಹಚ್ಚಿ. ಬೆವರನ್ನು ಟವೆಲಿನಿಂದ ಒತ್ತಿ, ಉಜ್ಜಬೇಡಿ. ಉಜ್ಜಿದರೆ ಸನ್‌ಸ್ಕ್ರೀನ್ ಟವೆಲಿಗೆ ಹೋಗುತ್ತದೆ.

ಸಂಜೆ_ಶಟಲ್:
ಎಣ್ಣೆ ಹಚ್ಚಿಕೊಂಡೇ ಆಡ್ತಿದ್ದೆ! ಬದಲಾಯಿಸ್ತೀನಿ. ಬಸ್ಕಿ ಅಂದ್ರೆ ಮಾತ್ರ ಬೇಜಾರು. ಜೊತೆಗಾರರು ಬರದ ದಿನ ಏನು ಮಾಡಲಿ?

ಗರಡಿ_ಮನೆ:
ಬೇಜಾರಾಗುವುದನ್ನು ತಿಂಗಳುಗಟ್ಟಲೆ ಯಾರೂ ಮಾಡಲ್ಲ, ಹಾಗಾಗಿ ಇಷ್ಟಪಡುವುದಕ್ಕೇ ಅಂಟಿಸಿ: ಒಂದು ಗೇಮ್ ಮುಗಿದಾಗ ಒಂದು ಸುತ್ತು ಬಸ್ಕಿ, ಮುಂದಿನ ಗೇಮ್ ಮುಗಿದಾಗ ಇನ್ನೊಂದು. ಜೊತೆಗಾರರಿಲ್ಲದ ದಿನ ಸ್ಕಿಪ್ಪಿಂಗ್, 30 ಸೆಕೆಂಡ್ ಹಾರಿ 30 ಸೆಕೆಂಡ್ ನಿಂತು, ಹತ್ತು ಸಲ. ಇಲ್ಲವೇ ಇಷ್ಟದ ಹಾಡಿಗೆ ಇಪ್ಪತ್ತು ನಿಮಿಷ ಕುಣಿಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಏದುಸಿರು ಸಾಕು. ಆ ಮಟ್ಟದಲ್ಲಿ ವಾರಕ್ಕೆ 150 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಿಮ್ಮದು ಆಗಲೇ ದಾಟಿದೆ.

ಚರ್ಮದ_ಡಾಕ್ಟರ್:
ಎಣ್ಣೆಯನ್ನು ಆಟವಿಲ್ಲದ ದಿನ ಹಚ್ಚಿ, ಒಂದೆರಡು ಗಂಟೆ ಬಿಟ್ಟು ತಲೆಸ್ನಾನ ಮಾಡಿ. ಹಳೆಯ ಹೆಡ್‌ಬ್ಯಾಂಡ್ ಇದ್ದರೆ ಅದನ್ನೂ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಹಣೆಯಂಚಿನ ಗುಳ್ಳೆ ಮರುಕಳಿಸುವುದು ಅದರಿಂದಲೂ ಇರಬಹುದು.