ವಿಷಯ: ಪ್ಯಾಕೆಟ್ ಬಫರ್ 'ಫ್ರೀ' ಮಾಡುವುದಕ್ಕೆ ಕನ್ನಡ ಪದ, ಇವತ್ತೇ ಬೇಕು

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೈಪಿಡಿಯ ನೆಟ್‌ವರ್ಕ್ ಅಧ್ಯಾಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಫ್ರೀ', ಅಂದರೆ ಕೆಲಸ ಮುಗಿದ ಮೆಮೊರಿಯನ್ನು ವಾಪಸ್ಸು ಕೊಡುವುದು, ಅದರ ಹತ್ತಿರ ಸಿಕ್ಕಿಬಿದ್ದಿದ್ದೇನೆ. ರಾತ್ರಿಯೊಳಗೆ ಕಳಿಸಬೇಕು. 'ಬಿಡುಗಡೆ' ಬೇಡ, ಅದು ಹೊಸ ಆವೃತ್ತಿಗೆ ಮೀಸಲಾಗಿದೆ. 'ಮುಕ್ತ' ಅನ್ನೋದು ಮುಕ್ತ ತಂತ್ರಾಂಶದ ಪಾಲಾಗಿದೆ.

ತೊಡಕು ಅಷ್ಟೇ ಅಲ್ಲ. ಪ್ಯಾಕೆಟ್ (ಜಾಲದಲ್ಲಿ ಓಡಾಡುವ ಡೇಟಾ ತುಣುಕು) ಕೂರುವ ಬಫರ್‌ಗೆ ಎಸ್‌ಕೆಬಿ ಅಂತಾರೆ. ಒಂದೇ ಎಸ್‌ಕೆಬಿಯನ್ನು ಇಬ್ಬರು ಮೂವರು, ಅಂದರೆ ಕರ್ನಲ್‌ನ ಬೇರೆ ಬೇರೆ ಭಾಗಗಳು, ಹಿಡಿದಿರಬಹುದು. ಇಲ್ಲಿ ಫ್ರೀ ಅಂದರೆ ಹಿಡಿದವರ ಎಣಿಕೆ ಒಂದು ಇಳಿಯುತ್ತದೆ, ಅಷ್ಟೇ. ಸೊನ್ನೆಗೆ ಬಂದಾಗಲೇ ಮೆಮೊರಿ ವಾಪಸ್ಸು ಹೋಗುವುದು. ಅದರ ಮೇಲೆ ಎರಡು ಫಂಕ್ಷನ್ ಬೇರೆ: ಕೆಲಸ ಮುಗಿದ ಪ್ಯಾಕೆಟ್ಟಿಗೆ ಕನ್ಸ್ಯೂಮ್_ಎಸ್‌ಕೆಬಿ, ಬಿಸಾಡಿದ್ದಕ್ಕೆ ಕೆಫ್ರೀ_ಎಸ್‌ಕೆಬಿ. ಮೆಮೊರಿ ಲೆಕ್ಕದಲ್ಲಿ ಎರಡೂ ಒಂದೇ. ಆದರೆ ಸರಿಯಾಗಿ ಕಳಿಸಿದ ಪ್ಯಾಕೆಟ್ಟಿಗೆ ಎರಡನೆಯದನ್ನು ಕರೆದರೆ, ಬಿದ್ದುಹೋದ ಪ್ಯಾಕೆಟ್ ಹುಡುಕುವ ಸಾಧನಗಳು ಸುಮ್ನೆ ಬೊಬ್ಬೆ ಹಾಕುತ್ತವೆ. ಈ ವ್ಯತ್ಯಾಸ ಪದದಲ್ಲೇ ಕಾಣಬೇಕು.

---

'ವಿಮೋಚನೆ'. ಹಿಂದೆಯೇ ಚರ್ಚೆ ಆಗಿದೆ, ಹಳೆಯ ಓಲೆ ನೋಡಿ.

---

> 'ವಿಮೋಚನೆ'

ಪ್ಯಾಕೆಟ್ಟೇನು ಶಾಪ ಹೊತ್ತ ಗಂಧರ್ವನೇ? 'ಖಾಲಿ ಮಾಡು' ಸಾಕು.

---

'ಖಾಲಿ' ಅರಬ್ಬಿ. ಒಪ್ಪುವುದಿಲ್ಲ. ನಮ್ಮದೇ 'ಬಿಡು' ಇದೆ. ಬಿಡು–ಬೀಡು, ಕೆಡು–ಕೇಡು, ಪಡು–ಪಾಡು. ತಮಿಳಿನ 'ವೀಡು' ಮನೆಯೂ ಹೌದು, ಮೋಕ್ಷವೂ ಹೌದು. ಪ್ಯಾಕೆಟ್ ತಂಗುವ ಬಫರ್‌ಗೆ 'ಬೀಡು' ಅನ್ನಿ, ಫ್ರೀ ಮಾಡುವುದಕ್ಕೆ 'ಬಿಡು' ಅನ್ನಿ. ಒಂದೇ ಬೇರು, ಎರಡು ಪದ.

---

ಮೇಷ್ಟ್ರೇ, 'ಬೀಡು ಬಿಡು' ಅಂದರೆ ಡೇರೆ ಹಾಕಿ ಕೂರುವುದು ಅಲ್ವಾ? ಫ್ರೀ ಮಾಡು ಅಂದರೆ ಅಲ್ಲೇ ಝಾಂಡಾ ಊರಿದ ಹಾಗಾಯಿತು. ಹಿಡಿದ ಜಾಗ ವಾಪಸ್ಸು ಕೊಡದಿದ್ದರೆ ಅದಕ್ಕೆ ನಾವು ಮೆಮೊರಿ ಲೀಕ್ ಅಂತೀವಿ.

'ಖಾಲಿ ಮಾಡು' ಕೂಡ ಬೇಡ, ಅರಬ್ಬಿ ಅಂತಲ್ಲ. ಫ್ರೀ ಆದ ಮೇಲೂ ಒಳಗಿನ ಬೈಟ್‌ಗಳು ಸಾಮಾನ್ಯವಾಗಿ ಹಾಗೇ ಬಿದ್ದಿರುತ್ತವೆ. ಆಮೇಲೆ ಯಾರಾದರೂ ಮುಟ್ಟಿದರೂ ಸದ್ಯಕ್ಕೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಮೋಸ ಇರುವುದೇ ಅಲ್ಲಿ.

ಬರೀ 'ಬಿಡು' ಒಪ್ಪುತ್ತೇನೆ. ಕನ್ಸ್ಯೂಮ್‌ಗೆ 'ಬಳಸಿ ಬಿಡು' ಅಂತ ಬರೆದೂ ನೋಡಿದೆ. ನಡುವಿನ ಜಾಗ ಎಲ್ಲೋ ಹಾರಿಹೋದರೆ 'ಬಳಸಿಬಿಡು' ಆಗುತ್ತದೆ. ಬಿಡಬೇಕಾದದ್ದನ್ನೇ ಬಳಸು ಅಂತ ಹೇಳಿಕೊಟ್ಟ ಹಾಗೆ! 'ಕೈಬಿಡು' ಅಂದರೆ ಅರ್ಧಕ್ಕೇ ತೊರೆದ ಹಾಗೆ ಕೇಳುತ್ತದೆ. ಬಿಸಾಡಿದ್ದಕ್ಕೆ ಮಾತ್ರ ಸರಿ.

---

'ಬಿಟ್ಟುಕೊಡು' ಯಾಕಾಗಬಾರದು? ನನ್ನ ಹಿಡಿತ ನಾನು ಬಿಟ್ಟುಕೊಟ್ಟೆ. ಬೇರೆಯವರು ಹಿಡಿದಿದ್ದರೆ ಅದು ಅವರ ಪಾಡು. ಕೊನೆಯವರು ಬಿಟ್ಟಾಗ ಜಾಗ ಕರ್ನಲ್‌ಗೆ. ಒಬ್ಬರೇ ಎರಡು ಸಲ ಬಿಟ್ಟುಕೊಡಲು ಹೋದರೆ ತಪ್ಪು ಅಂತ ಮಾತಿನಲ್ಲೇ ಗೊತ್ತಾಗುತ್ತದೆ. ಹಾರ್ಡ್‌ವೇರ್ ಇಂಟರಪ್ಟ್ (ಸಾಧನವೊಂದು ನಡುವೆ ಕರೆದಾಗ ಕರ್ನಲ್ ತುರ್ತಾಗಿ ಮಾಡುವ ಕೆಲಸ) ಒಳಗಿದ್ದಾಗ ಆ ಕ್ಷಣವೇ ಬಿಡದೆ ಸಾಲಿಗೆ ಸೇರಿಸಿ, ಆಮೇಲೆ ಸಾಫ್ಟ್‌ಐಆರ್‌ಕ್ಯೂನಲ್ಲಿ (ಮುಂದೂಡಿದ ಕೆಲಸ ನಡೆಯುವ ಹಂತ) ಬಿಡುತ್ತಾರಲ್ಲ, ಅದಕ್ಕೂ ಹೊಂದುತ್ತದೆ: 'ಆಮೇಲೆ ಬಿಟ್ಟುಕೊಡು'.

---

ಆಯಿತು. ತಲೆಬರಹ 'ಪ್ಯಾಕೆಟ್ ಬಫರ್ ಬಿಟ್ಟುಕೊಡುವ ಬಗೆ'. ಕನ್ಸ್ಯೂಮ್‌ಗೆ 'ಮುಗಿಸಿ ಬಿಟ್ಟುಕೊಡು', ಕೆಫ್ರೀಗೆ 'ಕೈಬಿಡು'. ಕಳಿಸಿಬಿಟ್ಟೆ. ಥ್ಯಾಂಕ್ಸ್.

---

ನಾಲ್ಕು ಪದದಲ್ಲಿ ಎರಡು ಇಂಗ್ಲಿಷ್. ಇದಕ್ಕೆ ಅನುವಾದ ಅಂತ ಬೇರೆ ಹೆಸರು.

---

'ಅನುವಾದ' ಸಂಸ್ಕೃತ, ಮೇಷ್ಟ್ರೇ.