ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ ನೋವು: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ, ಶಿವಮೊಗ್ಗದಿಂದ

ನನ್ನ 17 ವರ್ಷದ ಮಗಳು ಭರತನಾಟ್ಯದ ಸೀನಿಯರ್ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆ. ಎರಡು ತಿಂಗಳಿಂದ ಅವಳ ಬಲಗಾಲಿನ ಹೆಬ್ಬೆರಳ ಬುಡದ ಕೆಳಗೆ ನೋವಿದೆ. ಕುದಿತ್ತ ಮೆಟ್ಟಡವು ಮಾಡುವಾಗ, ಅಂದರೆ ತುದಿಗಾಲಿಗೆ ಹಾರಿ ಹಿಮ್ಮಡಿ ಮೆಟ್ಟುವಾಗ, ಕಲ್ಲು ಚುಚ್ಚಿದಂತಾಗುತ್ತದೆ ಎನ್ನುತ್ತಾಳೆ. ದಿನವೂ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುತ್ತಿದ್ದೇವೆ; ಪ್ರಯೋಜನವಾಗಿಲ್ಲ. ಎಕ್ಸ್‌ರೇಯಲ್ಲಿ ಒಂದು ಪುಟ್ಟ ಮೂಳೆ ಎರಡು ತುಂಡಾಗಿ ಕಾಣುತ್ತಿದೆ ಎಂದು ಹೇಳಿದ್ದರಿಂದ ಮನೆಯವರೆಲ್ಲ ಗಾಬರಿಯಾಗಿದ್ದೇವೆ.

ಉತ್ತರ, ಧಾರವಾಡದ ನೃತ್ಯ ಶಿಕ್ಷಕಿಯೊಬ್ಬರಿಂದ

ಮೊದಲು ಆ ತಿಕ್ಕುವುದನ್ನು ನಿಲ್ಲಿಸಿ. ನಾನೂ ಇದೇ ತಪ್ಪನ್ನು ತಿಂಗಳುಗಟ್ಟಲೆ ಮಾಡಿದವಳು. ಹೆಬ್ಬೆರಳ ಬುಡದ ಕೀಲಿನ ಕೆಳಗೆ, ಬೆರಳನ್ನು ಕೆಳಕ್ಕೆ ಬಾಗಿಸುವ ಸ್ನಾಯುರಜ್ಜುವಿನೊಳಗೆ, ಅಕ್ಕಪಕ್ಕದಲ್ಲಿ ಎರಡು ಪುಟ್ಟ ಮೂಳೆಗಳಿರುತ್ತವೆ. ಅವುಗಳಿಗೆ ಸೆಸಮಾಯ್ಡ್ ಎಂದು ಹೆಸರು. ಎಳ್ಳುಕಾಳನ್ನು ಹೋಲುವುದರಿಂದ ಆ ಹೆಸರು ಬಂದಿದೆ. ಮೊಣಕಾಲ ಚಿಪ್ಪೂ ಇದೇ ಜಾತಿಯ ಮೂಳೆ, ಅದು ದೇಹದಲ್ಲೇ ದೊಡ್ಡದು. ಬಾವಿಯ ಹಗ್ಗಕ್ಕೆ ರಾಟೆ ಹೇಗೋ ಹಾಗೆ ಈ ಮೂಳೆಗಳು ರಜ್ಜುವಿನ ಎಳೆತಕ್ಕೆ ಬಲ ಕೊಡುತ್ತವೆ, ಜೊತೆಗೆ ನಾವು ಮುಂಗಾಲಿನ ಮೇಲೆ ನಿಂತಾಗ ಭಾರವನ್ನೂ ಹೊರುತ್ತವೆ. ಬರಿಗಾಲಲ್ಲಿ, ಗಟ್ಟಿ ನೆಲದ ಮೇಲೆ, ನೂರಾರು ಸಲ ಹಾರುವ ನಮ್ಮಂಥವರಲ್ಲಿ ಅವು ನೋಯುವುದು ಆಶ್ಚರ್ಯವಲ್ಲ. ಎರಡರಲ್ಲಿ ಒಳಗಡೆಯ, ಅಂದರೆ ಇನ್ನೊಂದು ಪಾದದತ್ತ ಇರುವ ಮೂಳೆಯೇ ಹೆಚ್ಚು ಭಾರ ಹೊರುವುದರಿಂದ ಸಾಮಾನ್ಯವಾಗಿ ನೋವು ಅಲ್ಲೇ ಇರುತ್ತದೆ.

ಎರಡು ತುಂಡು ಎಂದ ಕೂಡಲೇ ಮುರಿತವೆಂದು ತಿಳಿಯಬೇಡಿ. ಸಾಕಷ್ಟು ಜನರಲ್ಲಿ ಈ ಮೂಳೆ ಹುಟ್ಟಿನಿಂದಲೇ ಎರಡು ಭಾಗವಾಗಿರುತ್ತದೆ. ಹಾಗಿದ್ದರೆ ಅಂಚುಗಳು ನುಣುಪಾಗಿ ದುಂಡಗಿರುತ್ತವೆ. ಹೊಸದಾಗಿ ಮುರಿದಿದ್ದರೆ ಅಂಚು ಮೊನೆಮೊನೆಯಾಗಿರುತ್ತದೆ. ಇನ್ನೊಂದು ಕಾಲಿನ ಎಕ್ಸ್‌ರೇ ತೆಗೆಸಿ ಹೋಲಿಸಿದರೆ ಸುಳಿವು ಸಿಗುತ್ತದೆ, ಆದರೂ ಸಂಶಯ ಉಳಿದರೆ ಎಂಆರ್‌ಐ ಬೇಕಾಗಬಹುದು. ನನಗೆ ಹುಟ್ಟಿನಿಂದಲೇ ಎರಡು ಭಾಗವಿತ್ತೆಂದು ಗೊತ್ತಾದದ್ದು ಹೀಗೆಯೇ. ಆದರೆ ಅಂಥ ಮೂಳೆಗೂ ಅತಿಭಾರದಿಂದ ನೋವು ಬರುತ್ತದೆ ಎಂಬುದನ್ನು ಮರೆಯಬಾರದು.

ನನಗೆ ನೆರವಾದದ್ದು ಔಷಧಕ್ಕಿಂತ ಹೆಚ್ಚಾಗಿ ಆ ಜಾಗದ ಮೇಲಿನ ಭಾರವನ್ನು ಇಳಿಸಿದ್ದು. ಫಿಸಿಯೋಥೆರಪಿಸ್ಟ್ ಸುಮಾರು ಐದು ಮಿಲಿಮೀಟರ್ ದಪ್ಪದ ಫೆಲ್ಟ್ ಬಟ್ಟೆಯನ್ನು ಕತ್ತರಿಸಿ, ನೋಯುವ ಬಿಂದು ಇರುವಲ್ಲಿ ಕುದುರೆ ಲಾಳದ ಹಾಗೆ ಖಾಲಿ ಬಿಟ್ಟು, ಅದರ ಹಿಂದೆ ಮತ್ತು ಅಕ್ಕಪಕ್ಕದಲ್ಲಿ ಅಂಟಿಸಿಕೊಟ್ಟರು. ಮೆತ್ತೆಯನ್ನು ನೋವಿನ ನೇರ ಕೆಳಗೇ ಇಟ್ಟರೆ ಒತ್ತಡ ಇನ್ನೂ ಹೆಚ್ಚುತ್ತದೆ. ಅಂಗಡಿಯಿಂದ ಸಿಲಿಕೋನ್ ಮೆತ್ತೆ ತಂದವರಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಹೆಬ್ಬೆರಳು ಮೇಲಕ್ಕೆ ಹೆಚ್ಚು ಬಾಗದಂತೆ ಟೇಪನ್ನೂ ಸುತ್ತಿದ್ದರು. ಆರು ವಾರ ಹಾರುವ ಅಡವುಗಳನ್ನು ಪೂರ್ತಿ ಬಿಟ್ಟು ಕುಳಿತೇ ಅಭಿನಯ, ಹಸ್ತ, ತಾಳಗಳನ್ನು ಅಭ್ಯಾಸ ಮಾಡಿದೆ. ಆಮೇಲೆ ನೋವಿಲ್ಲದ ನಡಿಗೆ, ಬಳಿಕ ಒಂದನೇ ಕಾಲದಲ್ಲಿ, ಅಂದರೆ ನಿಧಾನ ವೇಗದಲ್ಲಿ, ತಟ್ಟಡವು, ಕೊನೆಗೆ ಕುದಿತ್ತ ಮೆಟ್ಟು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಟ್ಟ ಮೊದಲ ಹೆಜ್ಜೆ ನೋಯುತ್ತಿದ್ದರೆ ಆ ವಾರ ಮುಂದಿನ ಹಂತಕ್ಕೆ ಹೋಗುತ್ತಿರಲಿಲ್ಲ.

ಉತ್ತರ, ಬೆಂಗಳೂರಿನಿಂದ

ನಾನು ಓಡುವವನು, ಮತ್ತು ಹಟಮಾರಿ. ನೋವಿನ ಮಾತ್ರೆ ನುಂಗಿ ಎರಡು ತಿಂಗಳು ಓಡಿದೆ. ಎಂಆರ್‌ಐ ಮಾಡಿಸಿದಾಗ ಪದೇ ಪದೇ ಬಿದ್ದ ಭಾರದಿಂದ ಮೂಳೆ ಸಣ್ಣಗೆ ಬಿರುಕು ಬಿಟ್ಟಿರುವುದು ಕಂಡಿತು. ಈ ಮೂಳೆಗಳಿಗೆ ರಕ್ತಪೂರೈಕೆ ಕಡಿಮೆಯಾದ್ದರಿಂದ ಕೂಡಿಕೊಳ್ಳಲು ತಡವಾಗುತ್ತದೆ ಎಂದು ಮೂಳೆತಜ್ಞರು ತಿಳಿಸಿ, ಎಂಟು ವಾರ ಗಟ್ಟಿ ಬೂಟು ಹಾಕಿಸಿದರು. ಮತ್ತೆ ಓಡಿದ್ದು ಐದನೇ ತಿಂಗಳಲ್ಲಿ. ಮೂಳೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ ನಾನೇ ಕೇಳಿದ್ದೆ. ಒಳಗಡೆಯದನ್ನು ತೆಗೆದರೆ ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲುವ ಸಾಧ್ಯತೆ ಇರುವುದರಿಂದ ಉಳಿದ ದಾರಿಗಳೆಲ್ಲ ಮುಗಿದ ಮೇಲಷ್ಟೇ ಅದನ್ನು ಯೋಚಿಸುತ್ತಾರಂತೆ.

ಉತ್ತರ, ಹಾಸನದಿಂದ

ನನ್ನ ಭಾವನವರಿಗೆ ಇದೇ ಕೀಲಿನಲ್ಲಿ ನೋವು ಬಂದದ್ದು ಗೌಟ್‌ನಿಂದ, ಅಂದರೆ ಕೀಲಿನಲ್ಲಿ ಯೂರಿಕ್ ಆಮ್ಲದ ಹರಳು ಸೇರಿ ಬರುವ ಉರಿಯೂತದಿಂದ. ಅದು ನಡುರಾತ್ರಿ ಏಕಾಏಕಿ ಶುರುವಾಗಿ, ಕೀಲು ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಸಹಿಸಲಾಗುತ್ತಿರಲಿಲ್ಲ. ನಿಮ್ಮ ಮಗಳ ವಯಸ್ಸಿಗೂ ಲಕ್ಷಣಕ್ಕೂ ಅದು ಹೊಂದುವುದಿಲ್ಲ. ಆದರೆ ಇದನ್ನು ಓದುವ ನಡುವಯಸ್ಸಿನವರಿಗಾಗಿ ಬರೆದೆ: ನೋವು ಏರಿದ್ದಾಗ ರಕ್ತದಲ್ಲಿ ಯೂರಿಕ್ ಆಮ್ಲ ಸಾಮಾನ್ಯ ಮಟ್ಟದಲ್ಲಿ ಬಂದರೂ ಗೌಟ್ ಅಲ್ಲವೆಂದು ಹೇಳಲಾಗದು. ಸಕ್ಕರೆ ಕಾಯಿಲೆ ಇರುವವರು ಇದು ಆಣಿ ಇರಬೇಕೆಂದುಕೊಂಡು ಔಷಧದ ಪಟ್ಟಿ ಅಂಟಿಸಿಕೊಳ್ಳಲೇಬಾರದು.

ಮತ್ತೆ ಧಾರವಾಡದಿಂದ

ಒಂದು ಮಾತು ಬಿಟ್ಟುಹೋಗಿತ್ತು. ತರಗತಿಯಲ್ಲಿ ಎಷ್ಟು ಜಾಗ್ರತೆ ವಹಿಸಿದರೂ ಮನೆಯಲ್ಲಿ ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡಿದರೆ ಗಾಯಕ್ಕೆ ಬಿಡುವೇ ಸಿಗುವುದಿಲ್ಲ. ನಮ್ಮ ಅತ್ತೆಯವರು ಮೊದಲು ಮುಖ ಸಿಂಡರಿಸಿದರೂ, ಒಳಗೆ ಮಾತ್ರ ಹಾಕಿಕೊಳ್ಳುವ ಬೇರೆ ಚಪ್ಪಲಿಗೆ ಒಪ್ಪಿದರು. ಅದು ಹೆಬ್ಬೆರಳ ಬುಡದಲ್ಲಿ ಸುಲಭವಾಗಿ ಮಡಚದಂಥದ್ದಾಗಿರಲಿ; ತೆಳು ಹವಾಯಿ ಚಪ್ಪಲಿ ಬೇಡ. ರಂಗೋಲಿ ಬಿಡಿಸುವಾಗ ತುದಿಗಾಲಿನಲ್ಲಿ ಕುಕ್ಕುರುಗಾಲು ಕೂರುವುದೂ ಈ ಕೀಲನ್ನು ಪೂರ್ತಿ ಬಾಗಿಸುತ್ತದೆ, ಅದನ್ನೂ ಸದ್ಯಕ್ಕೆ ಬಿಡಿಸಿ. ಪರೀಕ್ಷೆಗೆ ಎಷ್ಟು ದಿನ ಉಳಿದಿದೆ ಎಂದು ನೀವು ಬರೆದಿಲ್ಲ. ಮೂರು ತಿಂಗಳಿಗಿಂತ ಕಡಿಮೆಯಿದ್ದರೆ ಮಗಳ ಗುರುಗಳೊಂದಿಗೆ ಈಗಲೇ ಮಾತಾಡಿ, ಎಂಆರ್‌ಐ ಬೇಕೇ ಎಂದು ಮೂಳೆತಜ್ಞರನ್ನು ಈ ವಾರವೇ ಕೇಳಿ.